ಮೇಜಿನ ಮೇಲಿನ ಧ್ವನಿಪೆಟ್ಟಿಗೆ

ಹಾನಗಲ್ಲಿನಲ್ಲಿ ನನಗೆ ಬಳಕೆಯಿರುವ ಒಂದು ಮನೆಯುಂಟು. ಆ ಮನೆಯ ಪಡಸಾಲೆಯಲ್ಲಿ ಎರಡು ಯಂತ್ರಗಳು ಎದುರುಬದುರಾಗಿವೆ. ಒಂದು, ಗೋಡೆಗೆ ಬಡಿದ ಹಲಗೆಯ ಮೇಲೆ ಕಸೂತಿಯ ವಸ್ತ್ರ ಹೊದ್ದು ಕುಳಿತಿರುವ ವಾಲ್ವ್ ರೇಡಿಯೋ. ಈಗಿನ ಯಜಮಾನರ ತಂದೆ ೧೯೬೦ರ ಸುಮಾರಿಗೆ ಕೊಂಡದ್ದು. ಮನಸ್ಸು ಬಂದಾಗ ಈಗಲೂ ಹಾಡುತ್ತದೆ. ಇನ್ನೊಂದು, ೨೦೨೦ರಲ್ಲಿ ಶಾಲೆಗಳು ಮುಚ್ಚಿದಾಗ ಮಕ್ಕಳ ಪಾಠಕ್ಕೆಂದು ತಂದ ಕಂಪ್ಯೂಟರು. ಅದರ ಎರಡು ಬದಿಗೆ ಮುಷ್ಟಿಗಾತ್ರದ ಎರಡು ಪ್ಲಾಸ್ಟಿಕ್ ಸ್ಪೀಕರುಗಳು. ಯಜಮಾನರಿಗೆ ಎಂಬತ್ತು ದಾಟಿದೆ. ಒಂದು ಸಂಜೆ ನಾನು ಹೋದಾಗ ಅವರು ಕೇಳಿದರು: “ಮಾಸ್ತರ್ರ, ನಮ್ಮಪ್ಪನ ಪೆಟಗ್ಯಾಗ ಮಾತಾಡಾಂವ ಎದುರಿಗೆ ಕುಂತು ಮಾತಾಡಿಧಂಗ ಇರತಿತ್ತು. ಈ ಹೊಸಾದರಾಗ ಎಲ್ಲಾರೂ ನೆಗಡಿ ಆದವರಂಗ ಮಾತಾಡತಾರ. ಅರವತ್ತು ವರ್ಷದಾಗ ವಿದ್ಯಾ ಮುಂದ ಹೋತೋ, ಹಿಂದ ಬಂತೋ?”

ಪ್ರಶ್ನೆ ನಗೆಯಾಡಿ ಬಿಡುವಂಥದಲ್ಲ. ಏಕೆಂದರೆ ಅದೇ ಮನೆಯಲ್ಲಿ ಹನ್ನೆರಡು ವರ್ಷದ ಮೊಮ್ಮಗಳೊಬ್ಬಳಿದ್ದಾಳೆ. ಧಾರವಾಡದಲ್ಲಿರುವ ಗುರುಗಳಿಂದ ವಾರಕ್ಕೆ ಎರಡು ದಿನ ಕಂಪ್ಯೂಟರಿನ ಮೂಲಕವೇ ಹಿಂದುಸ್ತಾನಿ ಗಾಯನ ಕಲಿಯುತ್ತಾಳೆ. ಉಳಿದ ದಿನಗಳಲ್ಲಿ ಅದೇ ಕಂಪ್ಯೂಟರಿನಿಂದ ತಂಬೂರಿಯ ಶ್ರುತಿ ಹಚ್ಚಿಕೊಂಡು ಅಭ್ಯಾಸ ಮಾಡುತ್ತಾಳೆ. ಕೆಲವು ತಿಂಗಳಿಂದ ಹುಡುಗಿ ಹಾಡುವಾಗ ಕೊರಳು ಬಿಗಿಯುತ್ತಿತ್ತು, ಕೆಳಗಿನ ಸ್ವರಗಳು ನಿಲ್ಲುತ್ತಿರಲಿಲ್ಲ, ಅರ್ಧ ತಾಸಿಗೆ ಗಂಟಲು ಕಟ್ಟುತ್ತಿತ್ತು. “ಇಕೀ ಕಂಠದಾಗ ಬಲಾ ಇಲ್ಲ ಕಾಣಸ್ತೈತ್ರಿ, ಬಿಡಿಸಿಬಿಡೋಣ ಅಂತೀನಿ” ಎಂದು ತಾಯಿ ಒಳಗಿನಿಂದಲೇ ನುಡಿದರು. ಹುಡುಗಿ ತಲೆ ತಗ್ಗಿಸಿಕೊಂಡು ಕುಳಿತಿದ್ದಳು.

ನಾನು ಒಂದು ಗಳಿಗೆ ಅವಳ ಜಾಗದಲ್ಲಿ ಕುಳಿತು ಶ್ರುತಿ ಹಚ್ಚಿ ಕೇಳಿದೆ. ಕೇಳಿಬಂದದ್ದು ತಂಬೂರಿಯಲ್ಲ, ತಂಬೂರಿಯ ಮೇಲೆ ಕುಳಿತ ನೊಣದ ಗುಂಯ್‌ಗುಟ್ಟುವಿಕೆ. ಕಂಠದ ಮೇಲೆ ದೋಷ ಹೊರಿಸುವ ಮೊದಲು ಪೆಟ್ಟಿಗೆಯನ್ನು ವಿಚಾರಿಸಬೇಕೆಂದು ಆಗಲೇ ನನಗೆ ಅನ್ನಿಸಿತು.

ಮೊದಲು ಅಜ್ಜನವರ ಪ್ರಶ್ನೆಗೆ ಬರೋಣ. ಧಾರವಾಡದ ಆಕಾಶವಾಣಿ ನಿಲಯವು ೧೯೫೦ರ ಜನವರಿ ೮ರಂದು ಪ್ರಾರಂಭವಾಯಿತು. ಆ ಕಾಲದಲ್ಲಿ ಮಧ್ಯಮ ತರಂಗದಲ್ಲಿ ಬಂದು ಮನೆಯ ರೇಡಿಯೋದಿಂದ ಹೊರಡುತ್ತಿದ್ದ ಧ್ವನಿಯಲ್ಲಿ ಸೆಕೆಂಡಿಗೆ ಸುಮಾರು ೪,೦೦೦ ಅಥವಾ ೫,೦೦೦ ಕಂಪನಗಳ ಮೇಲಿನದೇನೂ ಹೆಚ್ಚಾಗಿ ಉಳಿಯುತ್ತಿರಲಿಲ್ಲ. ಎಳೆಯ ಕಿವಿಗೆ ೨೦ರಿಂದ ೨೦,೦೦೦ ಕಂಪನಗಳವರೆಗೆ ಕೇಳುತ್ತದೆ. ಅಂದಮೇಲೆ ಲೆಕ್ಕದ ಪ್ರಕಾರ ಹಳೆಯ ರೇಡಿಯೋ ಹೊಸ ಕಂಪ್ಯೂಟರಿಗಿಂತ ಎಷ್ಟೋ ಬಡವ. ಆದರೂ ಅದು ತುಂಬಿದ ಕೊರಳಿನಂತೆ ಕೇಳುತ್ತಿತ್ತು. ಕಾರಣ ವಾಲ್ವೂ ಅಲ್ಲ, ಮಂತ್ರವೂ ಅಲ್ಲ. ಅದರೊಳಗೆ ಅಂಗೈಗಿಂತ ದೊಡ್ಡದಾದ ಕಾಗದದ ಶಂಕು ಇತ್ತು. ಆ ಶಂಕುವಿಗೆ ತಕ್ಕ ಕಟ್ಟಿಗೆಯ ಪೆಟ್ಟಿಗೆ ಇತ್ತು. ಕೆಳಗಿನ ಧ್ವನಿಯೆಂದರೆ ಹೆಚ್ಚು ಗಾಳಿಯನ್ನು ನಿಧಾನವಾಗಿ ನೂಕುವ ಕೆಲಸ. ಒಂದೇ ಗಟ್ಟಿತನದಲ್ಲಿ ಒಂದು ಸಪ್ತಕ ಕೆಳಗಿಳಿಯಬೇಕಾದರೆ ಶಂಕು ನಾಲ್ಕು ಪಟ್ಟು ಹೆಚ್ಚು ದೂರ ಹಿಂದೆಮುಂದೆ ಆಡಬೇಕಾಗುತ್ತದೆ. ಎರಡು ಅಂಗುಲದ ಪುಟ್ಟ ಶಂಕು ಎಷ್ಟು ಆಡಿೀತು? ಬಡಿಗೆಯಿಂದ ಬಾವಿಯ ನೀರು ಎತ್ತಿದ ಹಾಗೆ. ಅದು ಸುಮಾರು ೧೫೦, ೨೦೦ ಕಂಪನಗಳ ಕೆಳಗೆ ಕೈಚೆಲ್ಲುತ್ತದೆ. ಗಂಡಸಿನ ಮಾತಿನ ಮೂಲ ಸ್ವರ ಇರುವುದೇ ೧೦೦, ೧೫೦ರ ಆಸುಪಾಸಿನಲ್ಲಿ. ಅಜ್ಜನವರ ನೆಗಡಿಯ ಮೂಲ ಇದು.

ಈಗ ತಂಬೂರಿಯ ವಿಷಯ. ನಮ್ಮ ಹುಡುಗಿ ಹಾಡುವುದು ಹಾರ್ಮೋನಿಯಮ್ಮಿನ ಕಾಳಿ ೪ರ ಶ್ರುತಿಯಲ್ಲಿ. ಅಲ್ಲಿ ಮಧ್ಯ ಷಡ್ಜ ಸೆಕೆಂಡಿಗೆ ಸುಮಾರು ೨೦೮ ಕಂಪನ; ತಂಬೂರಿಯ ಕಡೆಯ ಖರ್ಜದ ತಂತಿ ಅದರ ಅರ್ಧ, ೧೦೪. ಕಾಳಿ ೧ರಲ್ಲಿ ಹಾಡುವ ಗಂಡಸಿಗಾದರೆ ಖರ್ಜ ೬೯ಕ್ಕೆ ಇಳಿಯುತ್ತದೆ. ಮುಷ್ಟಿಗಾತ್ರದ ಪೆಟ್ಟಿಗೆಯಲ್ಲಿ ಖರ್ಜದ ಮೂಲ ಕಂಪನ ಬರುವುದೇ ಇಲ್ಲವೆಂದರೂ ನಡೆದೀತು. ಹಾಗಾದರೆ ಇಷ್ಟು ದಿನ ಹುಡುಗಿ ಶ್ರುತಿ ಹಿಡಿದದ್ದು ಹೇಗೆ? ಇದು ಕಿವಿಯ ಚಮತ್ಕಾರ. ಮೂಲ ಸ್ವರ ಇಲ್ಲದಿದ್ದರೂ ಅದರ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟಿನ ಉಪಸ್ವರಗಳು ಕೇಳಿದರೆ ನಮ್ಮ ಮಿದುಳು ಇಲ್ಲದ ಮೂಲವನ್ನು ತಾನೇ ಊಹಿಸಿ ತುಂಬಿಕೊಳ್ಳುತ್ತದೆ. ತಂಬೂರಿಯಂತೂ ಉಪಸ್ವರಗಳ ಭಂಡಾರ. ಕುದುರೆಯ ಮೇಲಿನ ಬಾಗಿದ ಮೈ, ಅದರ ಮೇಲೆ ಇಡುವ ಜೀವಾಳದ ನೂಲು, ಇವುಗಳಿಂದ ಆ ಉಪಸ್ವರಗಳು ಹೇಗೆ ಏಳುತ್ತವೆಂಬುದನ್ನು ಸರ್ ಸಿ. ವಿ. ರಾಮನ್ನರು ೧೯೨೧ರಲ್ಲಿಯೇ, ನೊಬೆಲ್ ಪಾರಿತೋಷಕಕ್ಕೆ ಒಂಬತ್ತು ವರ್ಷ ಮೊದಲು, ಶೋಧಿಸಿ ಬರೆದಿದ್ದಾರೆ. ಅಂತೂ ಊಹೆಯಿಂದ ಶ್ರುತಿ ಸಿಗುತ್ತದೆ, ಆದರೆ ಆಧಾರ ಸಿಗುವುದಿಲ್ಲ. ತಾನು ಬಾಯಿ ತೆರೆದೊಡನೆ ಆ ತೆಳ್ಳಗಿನ ಗುಂಯ್‌ಕಾರ ಹುಡುಗಿಯ ಕೊರಳಿನಡಿ ಮುಚ್ಚಿಹೋಗುತ್ತಿತ್ತು. ಅವಳು ಗುಂಡಿ ತಿರುಗಿಸಿ ಸದ್ದು ಹೆಚ್ಚಿಸುವಳು. ಸದ್ದು ಹೆಚ್ಚಿದರೆ ಕೀಚಲು ಹೆಚ್ಚುವುದು. ಕೀಚಲನ್ನು ಮೀರಲು ಕೊರಳು ಬಿಗಿಯುವುದು. ಮಂದ್ರದ ಸ್ವರಕ್ಕೆ ಇಳಿದಾಗ ಕಾಲಿಗೆ ನೆಲವೇ ಇಲ್ಲ.

ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳೂ, ಅವರ ಶಿಷ್ಯರಾಗಿ ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಬೆಳೆಸಿದ ಪುಟ್ಟರಾಜ ಗವಾಯಿಗಳೂ ಕಣ್ಣಿನ ಬೆಳಕಿಲ್ಲದೆ ಕಿವಿಯನ್ನೇ ನಂಬಿ ಸಂಗೀತ ಸಾಧಿಸಿದವರು. ಅಂಥವರ ಸೀಮೆಯ ಹುಡುಗಿಯೊಬ್ಬಳು ಕೆಲವು ನೂರು ರೂಪಾಯಿಯ ಪ್ಲಾಸ್ಟಿಕ್ಕಿನ ಕಾರಣದಿಂದ ಹಾಡು ಬಿಡುವುದು ನನಗೆ ಸರಿದೋರಲಿಲ್ಲ.

ಹೊಸದು ಕೊಳ್ಳುವ ಮಾತು ಆಮೇಲೆ. ಮೊದಲ ದಿನ ಒಂದು ಪೈಸೆಯನ್ನೂ ಖರ್ಚು ಮಾಡದೆ ನಾವು ಮಾಡಿದ ಕೆಲಸಗಳನ್ನು ಹೇಳುತ್ತೇನೆ. ಹತ್ತು ಮನೆಗಳಲ್ಲಿ ಎಂಟು ಮನೆಗಳಿಗೆ ಇಷ್ಟೇ ಸಾಕಾದೀತೆಂದು ನನ್ನ ಅಭಿಪ್ರಾಯ.

ಆ ಮನೆಯಲ್ಲಿ ಎರಡೂ ಸ್ಪೀಕರುಗಳು ಪರದೆಯ ಹಿಂದೆ ಅಡಗಿದ್ದವು. ನೋಡುವವರಿಗೆ ಅಚ್ಚುಕಟ್ಟು, ಕೇಳುವವರಿಗೆ ಕಷ್ಟ. ಮೇಲಿನ ಧ್ವನಿ ಬೆಳಕಿನ ಹಾಗೆ ನೇರ ಹೋಗುವಂಥದು. ೧೦,೦೦೦ ಕಂಪನದ ಧ್ವನಿಯ ಅಲೆ ಮೂರೂವರೆ ಸೆಂಟಿಮೀಟರಿಗಿಂತ ಉದ್ದವಿಲ್ಲ. ಎದುರಿಗೆ ಒಂದು ಪುಸ್ತಕ ಬಂದರೂ ತಡೆಯುತ್ತದೆ. ೧೦೦ ಕಂಪನದ ಅಲೆಯಾದರೋ ಮೂರೂವರೆ ಮೀಟರಿನದು. ಅದು ಕಂಬವನ್ನು ಬಳಸಿ ಹೋಗುತ್ತದೆ. ಆದ್ದರಿಂದ ಪೆಟ್ಟಿಗೆಗಳನ್ನು ಪರದೆಯ ಮುಂದಕ್ಕೆ ತಂದೆವು. ಒಂದರಿಂದ ಇನ್ನೊಂದಕ್ಕೆ ಎಷ್ಟು ದೂರವೋ ಎರಡರಿಂದಲೂ ಕೇಳುವವರ ತಲೆಗೆ ಅಷ್ಟೇ ದೂರ, ಎರಡರಿಂದ ಮೂರು ಅಡಿ ಇರಬೇಕು. ಮುಖ ತುಸು ಒಳಕ್ಕೆ ತಿರುಗಿರಬೇಕು. ಹೀಗೆ ಇಟ್ಟಾಗ ಒಬ್ಬನೇ ಹಾಡುವವನ ಕೊರಳು ಎಡಕ್ಕೂ ಅಲ್ಲ, ಬಲಕ್ಕೂ ಅಲ್ಲ, ನಟ್ಟನಡುವೆ ಪರದೆಯ ಮೇಲೆ ನಿಂತಂತೆ ಕೇಳುತ್ತದೆ. ಕೇಳದಿದ್ದರೆ ಎಲ್ಲಿಯೋ ತಪ್ಪಿದೆಯೆಂದು ತಿಳಿಯಬೇಕು.

ಎತ್ತರವೂ ಮುಖ್ಯ. ಮೇಜಿನ ಮೇಲೆ ಚಪ್ಪಟೆಯಾಗಿಟ್ಟ ಸ್ಪೀಕರು ನಮ್ಮ ಕೊರಳಪಟ್ಟಿಗೆ ಹಾಡುತ್ತದೆ. ಜೊತೆಗೆ ಅರ್ಧ ಧ್ವನಿ ಮೇಜಿನ ಹಲಗೆಗೆ ಬಡಿದು, ಕೂದಲೆಳೆಯಷ್ಟು ತಡವಾಗಿ ಬಂದು ನೇರ ಧ್ವನಿಯೊಡನೆ ಕಲೆತು ಕೆಲವು ಸ್ವರಗಳನ್ನು ನುಂಗಿಬಿಡುತ್ತದೆ. ಎರಡು ಇಟ್ಟಿಗೆಗಳನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ ಅವುಗಳ ಮೇಲೆ ಸ್ಪೀಕರುಗಳನ್ನು ಏರಿಸಿ ಕಿವಿಯ ಮಟ್ಟಕ್ಕೆ ತಂದೆವು. ಪೆಟ್ಟಿಗೆಗೂ ಇಟ್ಟಿಗೆಗೂ ನಡುವೆ ಹಳೆಯ ಸ್ಪಂಜಿನ ತುಂಡು. ಇದರಿಂದ ಮೇಜು ತಾನೂ ನಡುಗಿ ಹಾಡಿಗೆ ದನಿಗೂಡಿಸುವುದು ನಿಂತಿತು. ಗೋಡೆಯ ವಿಷಯದಲ್ಲಿ ಮಾತ್ರ ಸ್ವಲ್ಪ ವಿವೇಚನೆ ಬೇಕು. ಗೋಡೆಯ ಹತ್ತಿರ ಸರಿಸಿದಷ್ಟೂ ಕೆಳಗಿನ ಧ್ವನಿ ತುಂಬುತ್ತದೆ. ಸಣ್ಣ ಪೆಟ್ಟಿಗೆಗೆ ಇದು ಪುಕ್ಕಟೆಯ ಸಹಾಯ. ಒಂದು ಗೇಣು ದೂರದಲ್ಲಿಟ್ಟರೆ ಒಳ್ಳೆಯದು. ದೊಡ್ಡ ಪೆಟ್ಟಿಗೆಯನ್ನು ಮೂಲೆಗೆ ತಳ್ಳಿದರೆ ಅದೇ ಸಹಾಯ ಉಪದ್ರವವಾಗಿ, ಎಡಗೈ ತಬಲ ಹಗೇವಿನೊಳಗಿಂದ ಬಾರಿಸಿದಂತೆ ಗುಮ್ಮೆನ್ನುತ್ತದೆ.

ಇನ್ನು ಕೋಣೆ. ನಮ್ಮ ಸೀಮೆಯ ಮನೆಗಳು ಒಂದೇ ತೆರನಾಗಿಲ್ಲ. ಸವಣೂರಿನ ಹಳೆಯ ಮನೆಗಳ ದಪ್ಪ ಮಣ್ಣಿನ ಗೋಡೆಗಳೊಳಗೆ, ಜೋಳದ ಚೀಲಗಳ ಒಟ್ಟಿಲಿನ ಪಕ್ಕದಲ್ಲಿ, ಸಾಧಾರಣ ಸ್ಪೀಕರು ಕೂಡ ಮರ್ಯಾದೆಯಿಂದ ಮಾತನಾಡುವುದನ್ನು ಕೇಳಿದ್ದೇನೆ. ಅದೇ ಸ್ಪೀಕರನ್ನು ಶಿಗ್ಗಾಂವಿಯ ಹೆದ್ದಾರಿಯ ಬದಿಗೆ ಎದ್ದಿರುವ ಸಿಮೆಂಟಿನ ಹೊಸ ಮನೆಯಲ್ಲಿ, ನುಣುಪು ಫರಸಿಯ ಮೇಲೆ, ಬರಿಯ ಗೋಡೆಗಳ ನಡುವೆ ಇಟ್ಟರೆ ಪ್ರತಿ ಅಕ್ಷರಕ್ಕೂ ಬಾಲ ಬೆಳೆಯುತ್ತದೆ. ಪರೀಕ್ಷೆ ಸುಲಭ: ಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿರಿ. “ಝಣ್” ಎಂದು ಉಳಿದರೆ ಕೋಣೆ ಹೊಸ ಸ್ಪೀಕರನ್ನಲ್ಲ, ಬಟ್ಟೆಯನ್ನು ಬೇಡುತ್ತಿದೆ. ನಮ್ಮಲ್ಲಿ ಅದಕ್ಕೆ ಕೊರತೆಯೇ? ಅಜ್ಜಿಯರು ಹೊಲಿದ ಕೌದಿ ಪ್ರತಿ ಮನೆಯಲ್ಲಿದೆ. ಹಾನಗಲ್ಲಿನ ಆ ಮನೆಯಲ್ಲಿ ಹುಡುಗಿಯ ಬೆನ್ನ ಹಿಂದಿನ ಗೋಡೆಗೆ ಒಂದು ದಪ್ಪ ಕೌದಿಯನ್ನು, ಗೋಡೆಗೆ ಅಂಟಿಸದೆ ನಾಲ್ಕು ಬೆರಳು ಮುಂದಕ್ಕೆ, ಹಗ್ಗ ಕಟ್ಟಿ ಇಳಿಬಿಟ್ಟೆವು. ನೆಲಕ್ಕೆ ಜಮಖಾನೆ ಹಾಸಿದೆವು. ನಡುವೆ ಗಾಳಿ ಇರುವುದರಿಂದ ಕೌದಿ ಹೆಚ್ಚು ಧ್ವನಿಯನ್ನು ಹೀರುತ್ತದೆ. ತೆಳುವಾದ ಸೀರೆಯ ಪರದೆಯಿಂದ ಏನೂ ಆಗದು. ಹಿರೇಕೆರೂರಿನ ಕಡೆ ತಗಡಿನ ಮಾಡಿನ ಮನೆಯೊಂದರಲ್ಲಿ ಇದೇ ಸಲಹೆ ಕೊಟ್ಟೆ. ಬೇಸಿಗೆಯಲ್ಲಿ ಗುಣ ಕಂಡಿತು, ಆದರೆ ಆಷಾಢದ ಮಳೆ ತಗಡಿನ ಮೇಲೆ ಬಡಿಯುವಾಗ ಯಾವ ಸ್ಪೀಕರೂ ಗೆಲ್ಲಲಾರದು. ಆಗ ಕಿವಿಗೆ ಹಾಕುವ ಹೆಡ್‌ಫೋನೇ ಗತಿ.

ಕಂಪ್ಯೂಟರಿನೊಳಗೂ ಒಂದು ತಿದ್ದುಪಡಿ ಮಾಡಿದೆವು. ಧ್ವನಿಯನ್ನು “ಹೆಚ್ಚು ಸೊಗಸು” ಮಾಡುತ್ತೇವೆಂದು ಹೇಳಿಕೊಳ್ಳುವ ಒಂದೆರಡು ಏರ್ಪಾಡುಗಳು ತಾವಾಗಿಯೇ ಚಾಲೂ ಇದ್ದವು, ಅವನ್ನೆಲ್ಲ ಆರಿಸಿದೆವು. ಎರಡಂಗುಲದ ಶಂಕುವಿಗೆ ಬಲವಂತದಿಂದ ಬಾಸ್ ತುಂಬಿದರೆ ಅದು ತಡವರಿಸಿ ಉಳಿದ ಧ್ವನಿಯನ್ನೂ ಕೆಡಿಸುತ್ತದೆ. ಕಂಪ್ಯೂಟರಿನ ಸದ್ದನ್ನು ನೂರಕ್ಕೆ ಎಂಬತ್ತರ ಮೇಲಿಟ್ಟು, ಸ್ಪೀಕರಿನ ಗುಂಡಿಯಿಂದ ಹೆಚ್ಚುಕಡಿಮೆ ಮಾಡಬೇಕು. ಇದರ ಉಲ್ಟಾ ಮಾಡಿದರೆ ‘ಸ್’ ಎಂಬ ಸದ್ದು ಹಾಡಿನ ಜೊತೆಗೇ ದೊಡ್ಡದಾಗುತ್ತದೆ.

ಅಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗಿತ್ತು. ಮತ್ತೆ ಶ್ರುತಿ ಹಚ್ಚಿದೆವು. ನೊಣ ಹೋಗಿ ತಂಬೂರಿ ದೂರದಲ್ಲೆಲ್ಲೋ ಇರುವುದು ಗೊತ್ತಾಯಿತು. ಆದರೆ ಖರ್ಜ ಬಂದಿರಲಿಲ್ಲ. ಬರುವಂತೆಯೂ ಇರಲಿಲ್ಲ, ಇಲ್ಲದ ಶಂಕುವನ್ನು ಕೌದಿ ಕೊಡಲಾರದಷ್ಟೆ. ಹೀಗಾಗಿ ಖರ್ಚಿನ ಮಾತಿಗೆ ಬಂದೆವು. ಮನೆಯವರು ಹೇಳಿದ ಮಿತಿ ೩,೦೦೦ ರೂಪಾಯಿ.

ಹುಡುಗಿಯ ಅಣ್ಣ ತಕ್ಷಣ ಮೊಬೈಲಿನಲ್ಲಿ ಒಂದು ಜಾಹೀರಾತನ್ನು ತೋರಿಸಿದ. ಪುಟ್ಟ ಸ್ಪೀಕರು ಜೋಡಿ, ಯುಎಸ್‌ಬಿ ತಂತಿಯಿಂದಲೇ ವಿದ್ಯುತ್ತು, ಮೇಲೆ ನೂರಾರು ವಾಟ್ ಎಂಬ ಬರಹ. ಇಂಥ ಬರಹವನ್ನು ಓದುವ ಬಗೆ ಹೇಳುತ್ತೇನೆ. ಸಾಮಾನ್ಯ ಯುಎಸ್‌ಬಿ ಕಿಂಡಿ ಕೊಡುವುದು ೫ ವೋಲ್ಟು, ಅರ್ಧ ಆಂಪಿಯರು, ಅಂದರೆ ೨.೫ ವಾಟ್. ಹೊಸ ಬಗೆಯ ನೀಲಿ ಕಿಂಡಿಯಾದರೆ ೪.೫ ವಾಟ್. ಎರಡೂವರೆ ಸೇರು ಹಾಲು ಹಿಂಡುವ ಎಮ್ಮೆಯಿಂದ ನೂರು ಸೇರು ಬೆಣ್ಣೆ ಬಂತೆಂದು ಹೇಳಿದರೆ ನಂಬುತ್ತೀರಾ? ‘ಪಿಎಂಪಿಓ’ ಎಂಬ ನಾಲ್ಕಕ್ಷರ ಕಂಡಲ್ಲಿ ಮುಂದಿನ ಅಂಕಿಯನ್ನು ಓದುವುದೇ ಬೇಡ. ‘ಆರ್‌ಎಂಎಸ್’ ಎಂದಿದ್ದರೆ ಓದಬಹುದು. ಅದಕ್ಕೂ ಹೆಚ್ಚಿನದಾಗಿ, ವಾಟುಗಳ ಹಿಂದೆ ಓಡುವುದೇ ತಪ್ಪು ದಾರಿ. ಶಕ್ತಿಯನ್ನು ಎರಡು ಪಟ್ಟು ಮಾಡಿದರೆ ಧ್ವನಿ ೩ ಡೆಸಿಬೆಲ್ ಮಾತ್ರ ಏರುತ್ತದೆ. ಕಿವಿಗೆ ಎರಡರಷ್ಟು ಗಟ್ಟಿಯೆಂದು ತೋರಬೇಕಾದರೆ ಶಕ್ತಿ ಸುಮಾರು ಹತ್ತು ಪಟ್ಟು ಆಗಬೇಕು. ಮೂರಡಿ ದೂರ ಕುಳಿತು ಕೇಳುವವರಿಗೆ ಒಂದೆರಡು ವಾಟು ಧಾರಾಳ. ಹಣ ಹೋಗಬೇಕಾದದ್ದು ವಾಟಿಗಲ್ಲ, ಶಂಕುವಿಗೆ ಮತ್ತು ಕಟ್ಟಿಗೆಗೆ. ಶಂಕುವಿನ ಅಡ್ಡಗಲ ಎರಡು ಪಟ್ಟಾದರೆ ಅದು ನೂಕುವ ಗಾಳಿ ನಾಲ್ಕು ಪಟ್ಟು.

ಹಾಗಾದರೆ ನೆಲದ ಮೇಲಿಡುವ ದೊಡ್ಡ ಬಾಸ್ ಪೆಟ್ಟಿಗೆ, ಮೇಜಿಗೆ ಎರಡು ಚಿಕ್ಕವು, ಈ ‘ಟೂ ಪಾಯಿಂಟ್ ಒನ್’ ಸೆಟ್ಟು ಹೇಗೆ ಎಂದು ಕೇಳುವವರಿದ್ದಾರೆ. ನನ್ನ ವೈಯಕ್ತಿಕ ಅಭಿಪ್ರಾಯ ಹೇಳಬೇಕಾದರೆ, ಕಡಿಮೆ ಬೆಲೆಯ ಇಂಥ ಸೆಟ್ಟುಗಳಲ್ಲಿ ಬಹಳಷ್ಟು ಸಿನೆಮಾದ ಹೊಡೆದಾಟಕ್ಕೆ ಹೇಳಿ ಮಾಡಿಸಿದವು, ಸಂಗೀತಕ್ಕಲ್ಲ. ಬಾಸ್ ಪೆಟ್ಟಿಗೆ ತನಗೆ ಪ್ರಿಯವಾದ ಒಂದೇ ಸ್ವರವನ್ನು ಹಿಡಿದು ಮೆರವಣಿಗೆಯ ಡೊಳ್ಳಿನಂತೆ ಬಾರಿಸುತ್ತದೆ. ಅದರ ಮತ್ತು ಚಿಕ್ಕ ಪೆಟ್ಟಿಗೆಗಳ ನಡುವೆ, ಗಂಡಸಿನ ಕೊರಳು ಇರಬೇಕಾದ ಜಾಗದಲ್ಲೇ, ಒಂದು ಹಳ್ಳ ಬೀಳುತ್ತದೆ. ಈಗಾಗಲೇ ಕೊಂಡವರು ಬೇಸರಪಡಬೇಕಾಗಿಲ್ಲ: ಬಾಸ್ ಗುಂಡಿಯನ್ನು ಪೂರ್ತಿ ಇಳಿಸಿ, ಸುದ್ದಿ ಓದುವವರ ಮಾತು ಸಹಜವಾಗಿ ಕೇಳುವವರೆಗೆ ಮೆಲ್ಲಗೆ ಏರಿಸಿ ನಿಲ್ಲಿಸಿರಿ.

ನಾವು ಹಿಡಿದ ದಾರಿ ಬೇರೆ. ೧೯೯೦ರ ದಶಕದಲ್ಲಿ ಕ್ಯಾಸೆಟ್ ಸೆಟ್ಟುಗಳ ಜೊತೆಗೆ ಬಂದಿದ್ದ ಕಟ್ಟಿಗೆಯ ಸ್ಪೀಕರು ಪೆಟ್ಟಿಗೆಗಳು ಎಷ್ಟೋ ಮನೆಗಳ ಅಟ್ಟದಲ್ಲಿ ಧೂಳು ತಿನ್ನುತ್ತಿವೆ. ಸೆಟ್ಟು ಕೆಟ್ಟಿರುತ್ತದೆ, ಪೆಟ್ಟಿಗೆ ಕೆಟ್ಟಿರುವುದಿಲ್ಲ. ಹುಬ್ಬಳ್ಳಿಯ ಒಂದು ದುರಸ್ತಿ ಅಂಗಡಿಯಲ್ಲಿ ಐದಂಗುಲದ ಶಂಕು, ಮೇಲಿನ ಧ್ವನಿಗೆ ಬೇರೊಂದು ಪುಟ್ಟ ಟ್ವೀಟರ್ ಇರುವ, ೮ ಓಮಿನ ಒಂದು ಜೋಡಿ ೧,೪೦೦ ರೂಪಾಯಿಗೆ ಸಿಕ್ಕಿತು. ಹಳೆಯದನ್ನು ಕೊಳ್ಳುವಾಗ ಮೂರು ಪರೀಕ್ಷೆ ಮಾಡಬೇಕು. ಶಂಕುವಿನ ಅಂಚಿನ ಸುತ್ತುಪಟ್ಟಿ ಸ್ಪಂಜಿನದಾಗಿದ್ದರೆ ಬೆರಳಿನಿಂದ ಮುಟ್ಟಿ ನೋಡಿರಿ; ಹಳೆಯ ಸ್ಪಂಜು ಪುಡಿಪುಡಿಯಾಗುತ್ತದೆ. ರಬ್ಬರಿನದು ಅಥವಾ ಬಟ್ಟೆಯದು ಬಾಳಿಕೆಗೆ ಲೇಸು, ಅದರಲ್ಲೂ ಹಾನಗಲ್ಲಿನಂಥ ಅರೆಮಲೆನಾಡಿನ ತೇವದಲ್ಲಿ. ಎರಡನೆಯದು, ಐದೂ ಬೆರಳು ಸಮನಾಗಿ ಇಟ್ಟು ಶಂಕುವನ್ನು ಮೆಲ್ಲಗೆ ಒಳಕ್ಕೆ ಒತ್ತಿರಿ. ಕರಕರ ಸಪ್ಪಳ ಬಂದರೆ ಒಳಗಿನ ಸುರುಳಿ ಉಜ್ಜುತ್ತಿದೆ, ಬಿಟ್ಟುಬಿಡಿ. ಮೂರನೆಯದು, ಒಂದೂವರೆ ವೋಲ್ಟಿನ ಸೆಲ್ಲನ್ನು ಪೆಟ್ಟಿಗೆಯ ಹಿಂದಿನ ಕೆಂಪು, ಕಪ್ಪು ಮೊಳೆಗಳಿಗೆ ಕ್ಷಣಕಾಲ ಮುಟ್ಟಿಸಿರಿ. ಸೆಲ್ಲಿನ ಧನ ತುದಿ ಕೆಂಪಿಗೆ ತಗುಲಿದಾಗ ಎರಡೂ ಪೆಟ್ಟಿಗೆಗಳ ಶಂಕು ಮುಂದಕ್ಕೆ ಜಿಗಿಯಬೇಕು.

ಈ ಮೂರನೆಯ ಮಾತನ್ನು ತುಸು ಒತ್ತಿ ಹೇಳುತ್ತೇನೆ. ತಂತಿ ಜೋಡಿಸುವಾಗ ಒಂದು ಪೆಟ್ಟಿಗೆಯಲ್ಲಿ ಕೆಂಪು ಕಪ್ಪು ಅದಲುಬದಲಾದರೆ, ಒಂದು ಶಂಕು ಮುಂದೆ ಬಂದಾಗ ಇನ್ನೊಂದು ಹಿಂದೆ ಸರಿಯುತ್ತದೆ. ಒಂದು ನೂಕಿದ ಗಾಳಿಯನ್ನು ಇನ್ನೊಂದು ಎಳೆದುಕೊಳ್ಳುತ್ತದೆ. ಕೆಳಗಿನ ಧ್ವನಿ ಮಾಯವಾಗುತ್ತದೆ, ಹಾಡುವವರು ನಡುವೆ ನಿಲ್ಲದೆ ಕೋಣೆಯ ತುಂಬ ಚದರಿದಂತಾಗುತ್ತದೆ. ಒಳ್ಳೆಯ ಸ್ಪೀಕರುಗಳನ್ನು ಈ ಒಂದು ತಪ್ಪಿನಿಂದ ಕೆಟ್ಟವೆಂದು ತಿಳಿದು ಮಾರಿದವರನ್ನು ನಾನು ಬಲ್ಲೆ.

ಇಂಥ ಪೆಟ್ಟಿಗೆಗಳಿಗೆ ತಮ್ಮದೇ ಶಕ್ತಿಯಿಲ್ಲ, ಆಂಪ್ಲಿಫಾಯರ್ ಬೇಕು. ಈಗ ‘ಕ್ಲಾಸ್ ಡಿ’ ಎಂಬ ಜಾತಿಯ, ಕಡ್ಡಿಪೆಟ್ಟಿಗೆಗಿಂತ ತುಸು ದೊಡ್ಡದಾದ ಆಂಪ್ಲಿಫಾಯರುಗಳು ಬಂದಿವೆ. ಕಾಯುವುದಿಲ್ಲ, ವಿದ್ಯುತ್ತು ತಿನ್ನುವುದಿಲ್ಲ. ೧೨ ವೋಲ್ಟಿನ ಅಡಾಪ್ಟರು ಸಹಿತ, ಬಾಸ್, ಟ್ರೆಬಲ್ ಗುಂಡಿಗಳಿರುವ ಒಂದನ್ನು ೧,೧೦೦ ರೂಪಾಯಿಗೆ ತಂದೆವು. ಹನ್ನೆರಡು ವೋಲ್ಟಿನಲ್ಲಿ ೮ ಓಮಿನ ಪೆಟ್ಟಿಗೆಗೆ ಇದು ಕೊಡಬಲ್ಲದ್ದು ಬದಿಗೆ ಎಂಟೊಂಬತ್ತು ವಾಟು, ಅದರ ಮೇಲೆ ಏನೇ ಬರೆದಿರಲಿ. ಅಷ್ಟು ಸಾಕು. ತಂತಿಗೆ ೨೦೦ ರೂಪಾಯಿ; ಮನೆಯ ದೀಪಕ್ಕೆ ಎಳೆಯುವ ಜೋಡುತಂತಿಯೇ ಎರಡು ಮೀಟರಿಗೆ ಸಾಲುತ್ತದೆ. ಬಂಗಾರದ ಲೇಪದ ತಂತಿ ಮಾರುವವರಿಗೆ ನಮಸ್ಕಾರ ಹೇಳಿ ಮುಂದೆ ನಡೆಯಿರಿ. ಒಟ್ಟು ೨,೭೦೦ ರೂಪಾಯಿ.

ನಡುವೆ ಹುಡುಗಿಯ ಅಣ್ಣ ಇನ್ನೊಂದು ಯುಕ್ತಿ ಹೇಳಿದ್ದ. ಅದನ್ನು ಇಲ್ಲಿ ಹೇಳದೆ ಬಿಟ್ಟರೆ ತಪ್ಪಾದೀತು. ಹಲಗೆಯ ಮೇಲಿನ ಅಜ್ಜನ ರೇಡಿಯೋದ ಬೆನ್ನಿಗೆ ಗ್ರಾಮಾಫೋನು ಜೋಡಿಸುವ ಎರಡು ತೂತುಗಳಿವೆ. ಕಂಪ್ಯೂಟರಿನ ತಂತಿಯನ್ನು ಅಲ್ಲಿಗೇ ಚುಚ್ಚಿದರೆ ಪುಕ್ಕಟೆ ಕೆಲಸವಾಯಿತಲ್ಲ ಎಂದ. ಯುಕ್ತಿ ಸುಳ್ಳಲ್ಲ. ಆದರೆ ಆ ಕಾಲದ ರೇಡಿಯೋಗಳಲ್ಲಿ ಎರಡು ಜಾತಿ. ಎಸಿ ವಿದ್ಯುತ್ತಿಗೆಂದೇ ಮಾಡಿದವುಗಳಲ್ಲಿ ಸಾಮಾನ್ಯವಾಗಿ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಎಸಿ, ಡಿಸಿ ಎರಡಕ್ಕೂ ನಡೆಯುವಂತೆ ಮಾಡಿದವುಗಳಲ್ಲಿ ಅದು ಇರುವುದಿಲ್ಲ. ಒಳಗಿನ ಲೋಹದ ತಟ್ಟೆಯೇ ಗೋಡೆಯ ೨೩೦ ವೋಲ್ಟಿನ ಒಂದು ತಂತಿಗೆ ನೇರವಾಗಿ ಕೂಡಿರುತ್ತದೆ. ಅಂಥ ರೇಡಿಯೋಕ್ಕೆ ಕಂಪ್ಯೂಟರಿನ ತಂತಿ ಚುಚ್ಚಿದರೆ ಕಂಪ್ಯೂಟರಿನ ಮೈಗೆ ವಿದ್ಯುತ್ತು ಬರುತ್ತದೆ. ಮುಟ್ಟಿದ ಮಗುವಿನ ಜೀವಕ್ಕೇ ಕುತ್ತು. ಹೊರಗಿನಿಂದ ನೋಡಿ ಜಾತಿ ತಿಳಿಯುವುದಿಲ್ಲ. ವಾಲ್ವ್ ರೇಡಿಯೋ ಬಲ್ಲ ಕುಶಲಿಗಳು ಬಿಚ್ಚಿ ನೋಡಿ ಹೇಳದ ಹೊರತು ಆ ತೂತುಗಳ ಗೊಡವೆಗೆ ಹೋಗಬಾರದು. ಕೆಲವರು ಹಳೆಯ ರೇಡಿಯೋದ ಹೊಟ್ಟೆ ಕಿತ್ತು ಹೊಸ ಸ್ಪೀಕರು ಕೂಡಿಸುತ್ತಾರೆ. ಅದೂ ನನಗೆ ಒಪ್ಪಿಗೆಯಿಲ್ಲ. ಅಜ್ಜನವರಂತೂ ಆ ಮಾತು ಕೇಳಿ ಹಲಗೆಯ ಕಡೆ ಕುರ್ಚಿ ಸರಿಸಿಕೊಂಡು ಕುಳಿತರು.

ಹೊಸ ಜೋಡಣೆ ಮುಗಿದೊಡನೆ ಒಂದು ತೊಡಕು ಬಂತು. ಹಾಡಿಲ್ಲದಾಗಲೂ ‘ಹೂಂ’ ಎಂಬ ನಾದ. ಇದು ೫೦ ಕಂಪನದ ವಿದ್ಯುತ್ತಿನ ಗುಂಗು. ಶಿಗ್ಗಾಂವಿಯ ಪರಿಚಿತರೊಬ್ಬರು ಇಂಥದೇ ಗುಂಗಿಗೆ ಬೇಸತ್ತು ಕಂಪ್ಯೂಟರಿನ ಪ್ಲಗ್ಗಿನ ದಪ್ಪ ಮೂರನೆಯ ಕಡ್ಡಿಯನ್ನೇ ಮುರಿದು ಹಾಕಿದ್ದರು. ಗುಂಗು ಹೋಯಿತು ನಿಜ. ಅದರೊಂದಿಗೆ ಜೀವ ಕಾಯುವ ಭೂಸಂಪರ್ಕವೂ ಹೋಯಿತು. ಒಂದು ದಿನ ಕಂಪ್ಯೂಟರಿನ ಡಬ್ಬಿ ಮುಟ್ಟಿ ಜುಮ್ಮೆಂದ ಮೇಲೆ ಅವರಿಗೆ ಅರಿವಾಯಿತು. ಹಾಗೆ ಎಂದಿಗೂ ಮಾಡಬಾರದು. ಗುಂಗಿಗೆ ಹೆಚ್ಚಾಗಿ ಕಾರಣ, ಕಂಪ್ಯೂಟರು ಒಂದು ಬೋರ್ಡಿನಿಂದ, ಆಂಪ್ಲಿಫಾಯರು ಇನ್ನೊಂದು ಮೂಲೆಯ ಬೋರ್ಡಿನಿಂದ ವಿದ್ಯುತ್ತು ತೆಗೆದುಕೊಳ್ಳುವುದು. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ತಂದೆವು. ಧ್ವನಿಯ ತಂತಿಯನ್ನು ವಿದ್ಯುತ್ ತಂತಿಗಳಿಂದ ದೂರ ಸರಿಸಿದೆವು. ಮುಕ್ಕಾಲು ಗುಂಗು ಹೋಯಿತು. ಉಳಿದದ್ದಕ್ಕೆ ಧ್ವನಿಯ ತಂತಿಯ ನಡುವೆ ಕೂಡಿಸುವ ಪುಟ್ಟ ಟ್ರಾನ್ಸ್‌ಫಾರ್ಮರ್ ಡಬ್ಬಿ ಸಿಗುತ್ತದೆ. ಉಳಿದ ೩೦೦ ರೂಪಾಯಿಯೊಳಗೆ ಅದೂ ಬಂತು. ಕರೆಂಟು ಹೋಗಿ ಇನ್ವರ್ಟರಿನ ಮೇಲೆ ನಡೆಯುವಾಗ ಮಾತ್ರ ಸ್ವಲ್ಪ ಗೊಗ್ಗರು ಸದ್ದು ಬರುತ್ತದೆ. ಅದು ಇನ್ವರ್ಟರಿನ ಗುಣ. ನಮ್ಮ ಪಂಪುಸೆಟ್ಟಿನ ಋತುವಿನಲ್ಲಿ ಅದನ್ನು ಸಹಿಸಬೇಕಾಗುತ್ತದೆ.

ಅಂಗಡಿಯಲ್ಲಿ ಯಾವ ಹಾಡು ಹಚ್ಚಿ ನೋಡಬೇಕೆಂದು ಕೇಳಿದರೆ, ಅಂಗಡಿಯವರು ಹಚ್ಚುವ ಹಾಡೊಂದನ್ನು ಬಿಟ್ಟು ಬೇರೆ ಯಾವುದಾದರೂ ಆಗಬಹುದು. ನಾನು ಮೊದಲು ಕೇಳುವುದು ಮಾತು, ಸುದ್ದಿಯೋ ಭಾಷಣವೋ. ಮನುಷ್ಯರ ಮಾತಿನ ಸಹಜತೆಯನ್ನು ಕಿವಿ ಚೆನ್ನಾಗಿ ಬಲ್ಲದು. ಎರಡನೆಯದಾಗಿ ಗಂಗೂಬಾಯಿ ಹಾನಗಲ್ಲರ ಗಾಯನ. ಅವರು ಹುಟ್ಟಿದ್ದು ೧೯೧೩ರಲ್ಲಿ ಧಾರವಾಡದಲ್ಲಾದರೂ ಹೆಸರಿಗೆ ನಮ್ಮೂರನ್ನು ಅಂಟಿಸಿಕೊಂಡವರು. ಗಂಟಲಿನ ಚಿಕಿತ್ಸೆಯ ನಂತರ ಗಂಡುದನಿಯಂತೆ ದಪ್ಪನಾದ ಆ ಕೊರಳಿನ ತೂಕ ಸಣ್ಣ ಪೆಟ್ಟಿಗೆಯಲ್ಲಿ ಹಿಡಿಸುವುದಿಲ್ಲ. ಅದು ತೆಳ್ಳಗಾಗಿ ಕೇಳಿತೆಂದರೆ ಪೆಟ್ಟಿಗೆ ಸಾಲದೆಂದು ತೀರ್ಮಾನ. ಮೂರನೆಯದು, ಶಿಗ್ಗಾಂವಿ ತಾಲೂಕಿನ ಶಿಶುನಾಳದ ಶರೀಫ ಸಾಹೇಬರ ತತ್ವಪದ, ಏಕತಾರಿ ದಿಮ್ಮಡಿಗಳ ಮೇಳದಲ್ಲಿ. ತಂತಿಯ ಮೀಟು, ಚರ್ಮದ ಪೆಟ್ಟು, ಪದದ ಅಕ್ಷರ ಮೂರೂ ಬೇರೆಬೇರೆಯಾಗಿ ತಿಳಿಯಬೇಕು.

ಹೊಸ ಪೆಟ್ಟಿಗೆಗಳು ಇಟ್ಟಿಗೆಯ ಮೇಲೆ ಕುಳಿತ ಸಂಜೆ ಹುಡುಗಿ ಶ್ರುತಿ ಹಚ್ಚಿದಳು. ಖರ್ಜದ ತಂತಿ ಮೀಟಿದೊಡನೆ ಮೇಜಿನ ಮೇಲಿನ ಅವಳ ಅಂಗೈಗೆ ಕಂಪನ ತಿಳಿಯಿತೋ ಏನೋ, ನಕ್ಕಳು. ಹೇಳದೆಯೇ ಸದ್ದಿನ ಗುಂಡಿಯನ್ನು ಅರ್ಧಕ್ಕೆ ಇಳಿಸಿದಳು. ತಾಯಿ ಒಲೆಯ ಮುಂದಿನಿಂದ ಎದ್ದು ಬಂದು ಬಾಗಿಲಲ್ಲಿ ನಿಂತರು. ಮಂದ್ರದ ಪಂಚಮಕ್ಕೆ ಇಳಿದಾಗ ಸ್ವರ ಇನ್ನೂ ಅಲುಗುತ್ತಿತ್ತು. ಅದು ಗುರುಗಳು ತಿದ್ದಬೇಕಾದ ಕೆಲಸ, ನನ್ನದಲ್ಲ. ಕೊರಳು ಮಾತ್ರ ಬಿಗಿದಿರಲಿಲ್ಲ. ಆ ವಾರ ಪಾಠ ಬಿಡಿಸುವ ಮಾತನ್ನು ಯಾರೂ ಎತ್ತಲಿಲ್ಲ.

ಹುಡುಗಿಯ ಅಭ್ಯಾಸ ಮುಗಿದ ಮೇಲೆ ಅಜ್ಜನವರ ಸರದಿ. ಗಂಗೂಬಾಯಿಯವರು ಎಳೆಯ ಪ್ರಾಯದಲ್ಲಿ ‘ಗಾಂಧಾರಿ’ ಎಂಬ ಹೆಸರಿನಿಂದ ಕೊಟ್ಟ ಹಳೆಯ ಗ್ರಾಮಾಫೋನ್ ಪ್ಲೇಟೊಂದನ್ನು ಮೊಮ್ಮಗ ಹುಡುಕಿ ಹಚ್ಚಿದ. ಅಜ್ಜನವರು ಕಣ್ಣು ಮುಚ್ಚಿ ಪೂರ್ತಿ ಕೇಳಿ, “ಹಾಡು ಭೇಷ್ ಐತಿ ಮಾಸ್ತರ್ರ. ಆದರ ಪ್ಲೇಟ್ ಸವದದ್ದೂ ಕೇಳಸ್ತೈತಿ. ನಮ್ಮಪ್ಪನ ಪೆಟಗ್ಯಾಗ ಈ ಸರಸರ ಇರಲಿಲ್ಲ ನೋಡ್ರಿ” ಎಂದರು. ಇರಲಿಲ್ಲ ನಿಜ, ಆ ರೇಡಿಯೋಕ್ಕೆ ಅಷ್ಟು ಮೇಲಿನ ಧ್ವನಿ ನಿಲುಕುತ್ತಿರಲಿಲ್ಲ. ನಾನು ಟ್ರೆಬಲ್ ಗುಂಡಿಯನ್ನು ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿದೆ. ಸರಸರ ಅಡಗಿತು. “ಹಾಂ, ಈಗ ನಮ್ಮಪ್ಪನ ಪೆಟಗೀ ಆತು” ಎಂದು ಅವರು ಇನ್ನೊಮ್ಮೆ ಹಚ್ಚಲು ಹೇಳಿದರು.